ಒಹಾಯೊದಲ್ಲಿ ಜಿಂಕೆ ಬೇಟೆಗೆ ಕಡಿಮೆ ಬೆಲೆಯ ಇನ್‌ಲೈನ್ ಮಜಲ್ ಲೋಡರ್: ಯಾವುದನ್ನು ಕೊಳ್ಳಲಿ?

ಶಿರಾ ಸೀಮೆ:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನವನು. ಎಚ್-1ಬಿ ವೀಸಾದ ಮೇಲೆ ಅಮೆರಿಕದ ಒಹಾಯೊ ರಾಜ್ಯದಲ್ಲಿ ಕೆಲಸದಲ್ಲಿದ್ದೇನೆ. ಸದ್ಯ ರಜೆಯ ಮೇಲೆ ತುಮಕೂರಿನ ಮನೆಗೆ ಬಂದಿದ್ದು, ದೀಪಾವಳಿ ಕಳೆದ ಮೇಲೆ ಹಿಂದಿರುಗುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಅಲ್ಲಿನ ಹಿರಿಯರೊಬ್ಬರು ಜನವರಿಯ ಮಜಲ್ ಲೋಡರ್ (ನಳಿಗೆಯ ಬಾಯಿಯಿಂದ ಮದ್ದುಗುಂಡು ತುಂಬುವ ಕೋವಿ) ಅವಧಿಯಲ್ಲಿ ತಮ್ಮ ಜಮೀನಿಗೆ ಬೇಟೆಗೆ ಬರುವಂತೆ ಕರೆದಿದ್ದಾರೆ. ಅವರ ಮುಸುಕಿನ ಜೋಳ ಮತ್ತು ಸೋಯಾ ಹೊಲಗಳಿಗೆ ಬಿಳಿಬಾಲದ ಜಿಂಕೆಗಳ ಕಾಟ ವಿಪರೀತವಂತೆ. ಬೇಟೆಗಾರರಿಗೆ ಕಡ್ಡಾಯವಾಗಿರುವ ತರಬೇತಿಯನ್ನು ಮುಗಿಸಿದ್ದೇನೆ. ಲೈಸೆನ್ಸನ್ನು ಅಲ್ಲಿಗೆ ಹೋದ ಮೇಲೆ ಪಡೆಯುತ್ತೇನೆ.

ನನಗೆ ಕಣ್ಣಳತೆಯಲ್ಲಿ ಪರಿಚಯವಿರುವುದು ನಮ್ಮ ಕಡೆಯ ಕೇಪಿನ ಕೋವಿ ಮಾತ್ರ. ಬೆಳೆ ರಕ್ಷಣೆಗೆಂದು ನಮ್ಮ ತಾತನವರ ಹೆಸರಿನಲ್ಲಿ ಪರವಾನಗಿ ಇದ್ದ ಒಂಟಿ ನಳಿಗೆಯ ಕೋವಿಯೊಂದು ಮನೆಯಲ್ಲಿತ್ತು. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದ ರಾತ್ರಿಗಳಲ್ಲಿ ಅವರು ಅದಕ್ಕೆ ಬರೀ ಮದ್ದು ತುಂಬಿ ಸದ್ದು ಮಾಡುತ್ತಿದ್ದುದನ್ನು ನೋಡಿದ್ದೇನೆ. ಮದ್ದು, ಗುಂಡುಗಳನ್ನು ಬಾಯಿಯಿಂದಲೇ ತುಂಬಿದರೂ ಆಧುನಿಕ ರೈಫಲ್ಲಿನಂತೆ ಕಾಣುವ ಈ ಇನ್‌ಲೈನ್ ಕೋವಿಗಳ ವಿಷಯ ನನಗೆ ಹೊಸದು.

ಎಲ್ಲ ಸಾಮಾನೂ ಸೇರಿ 400 ಡಾಲರಿಗಿಂತ ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲಿಲ್ಲ. ಸಿವಿಎ ವುಲ್ಫ್, ಸಿವಿಎ ಆಪ್ಟಿಮಾ, ಟ್ರೆಡಿಷನ್ಸ್ ಬಕ್‌ಸ್ಟಾಕರ್ ಎಂಬ ಮೂರು ಹೆಸರುಗಳು ಹೆಚ್ಚಾಗಿ ಕೇಳಿಬರುತ್ತಿವೆ. ಇವುಗಳಲ್ಲಿ ಯಾವುದು ಒಳ್ಳೆಯದು, ಹಳೆಯ ಕೋವಿಯನ್ನು ಕೊಳ್ಳಬಹುದೇ, ಕೋವಿಯ ಜೊತೆಗೆ ಇನ್ನೇನು ಬೇಕಾಗುತ್ತದೆ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ಮುಂದೆ ನಾನು ಊರಿಗೆ ಮರಳಿದಾಗ ಇದೇ ಕೋವಿಯನ್ನು ತಂದು ನಮ್ಮ ಹೊಲದ ಕಾವಲಿಗೆ ಇಟ್ಟುಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಯೂ ಮನೆಯಲ್ಲಿ ಎದ್ದಿದೆ.

ಚಿಂತಾಮಣಿ ಕೈವಾರ:

ಶಿರಾದವರಿಗೆ ನಮಸ್ಕಾರ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯವನು. ಬಹಳ ಕಾಲ ಒಹಾಯೊದಲ್ಲಿದ್ದು, ಅಲ್ಲಿನ ಕಾಡಂಚಿನ ಹೊಲಗಳಲ್ಲಿ ಮಜಲ್ ಲೋಡರ್ ಹಿಡಿದು ಬೇಟೆಯಾಡಿದವನು. ನೀವು ಕೇಳಿದ ಮೂರು ಕೋವಿಗಳ ಬಗ್ಗೆ ಹೇಳುವ ಮೊದಲು, ನಿಮ್ಮ ತಾತನವರ ಕೋವಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಹೇಳುತ್ತೇನೆ. ಅದು ಮನಸ್ಸಿಗೆ ಬಂದರೆ ಆಯ್ಕೆ ಸುಲಭವಾಗುತ್ತದೆ.

ಕೇಪಿನ ಕೋವಿಯಲ್ಲಿ ಕೇಪು ಕೂರುವುದು ನಳಿಗೆಯ ಪಕ್ಕದಲ್ಲಿ. ಸುತ್ತಿಗೆ ಬಡಿದಾಗ ಹುಟ್ಟಿದ ಕಿಡಿ ಸಣ್ಣ ರಂಧ್ರವೊಂದರಲ್ಲಿ ಇಳಿದು, ತಿರುಗಿ, ಆಮೇಲೆ ಮದ್ದನ್ನು ಮುಟ್ಟಬೇಕು. ಆ ದಾರಿಯಲ್ಲಿ ಸ್ವಲ್ಪ ಮಸಿ ಕಟ್ಟಿದರೂ, ತೇವ ಸೇರಿದರೂ ಈಡು ಹಾರುವುದಿಲ್ಲ, ಇಲ್ಲವೇ ತಡವಾಗಿ ಹಾರುತ್ತದೆ. ಇನ್‌ಲೈನ್ ಕೋವಿಯಲ್ಲಿ ಪ್ರೈಮರ್, ಅಂದರೆ ಬಡಿದರೆ ಉರಿದು ಮದ್ದಿಗೆ ಬೆಂಕಿ ಕೊಡುವ ಸಣ್ಣ ಬಟ್ಟಲು, ನಳಿಗೆಯ ಹಿಂಬದಿಯಲ್ಲಿ, ಮದ್ದಿನ ನೇರಕ್ಕೇ ಕೂತಿರುತ್ತದೆ. ಷಾಟ್‌ಗನ್ ತೋಟಾಗಳಿಗೆ ಬಳಸುವ 209 ಪ್ರೈಮರನ್ನೇ ಇದಕ್ಕೂ ಹಾಕುವುದರಿಂದ ಕಿಡಿಯ ಬದಲು ಜ್ವಾಲೆಯೇ ಮದ್ದಿನೊಳಕ್ಕೆ ನುಗ್ಗುತ್ತದೆ. ಅಮೆರಿಕದ ಮಿಸೌರಿಯ ಟೋನಿ ನೈಟ್ ಅವರು 1985ರಲ್ಲಿ ಎಂಕೆ-85 ಎಂಬ ಕೋವಿಯನ್ನು ತಂದ ಮೇಲೆ ಈ ಬಗೆಯ ರಚನೆ ಬೇಟೆಗಾರರಲ್ಲಿ ಹರಡಿತು. ಈಗ ಅಂಗಡಿಗಳಲ್ಲಿ ಕಾಣುವ ಅಗ್ಗದ ಇನ್‌ಲೈನ್‌ಗಳು ಬಹುಮಟ್ಟಿಗೆ ನಡುವೆ ಬಾಗಿ ತೆರೆದುಕೊಳ್ಳುವ ಬಗೆಯವು. ಜೋಡು ನಳಿಗೆಯ ತೋಟಾ ಕೋವಿಯನ್ನು ಮುರಿದು ತೆರೆಯುವಂತೆಯೇ ಇವನ್ನೂ ತೆರೆದು ಪ್ರೈಮರ್ ಹಾಕುತ್ತಾರೆ.

ಇನ್ನು ನಿಮ್ಮ ಮೂರು ಹೆಸರುಗಳು. ವುಲ್ಫ್ ಮತ್ತು ಬಕ್‌ಸ್ಟಾಕರ್ ಎರಡಕ್ಕೂ 24 ಇಂಚಿನ ನಳಿಗೆ, ಆಪ್ಟಿಮಾಗೆ 26 ಇಂಚು. ಮೂರರಲ್ಲೂ .50 ಕ್ಯಾಲಿಬರ್ (ಅಂದರೆ ನಳಿಗೆಯ ಒಳ ಅಗಲ ಅರ್ಧ ಇಂಚು) ಸಾಮಾನ್ಯ. ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೆರೆ 28 ಇಂಚಿಗೆ ಒಂದು ಸುತ್ತು. ಒಹಾಯೊದಲ್ಲಿ ಜಿಂಕೆಗೆ ಮಜಲ್ ಲೋಡರ್ ಕನಿಷ್ಠ .38 ಕ್ಯಾಲಿಬರ್ ಇರಬೇಕೆಂಬ ನಿಯಮವಿರುವುದರಿಂದ .50 ಅಲ್ಲಿ ಧಾರಾಳವಾಗಿ ಸಲ್ಲುತ್ತದೆ, ಅದಕ್ಕಿಂತ ಮುಖ್ಯವಾಗಿ .50ಕ್ಕೆ ಗುಂಡುಗಳು ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ. ಎರಡು ಇಂಚು ಉದ್ದದ ನಳಿಗೆಯಿಂದ ಗುಂಡಿನ ವೇಗ ಸ್ವಲ್ಪ ಹೆಚ್ಚುವುದು ನಿಜ. ಆದರೆ ಅಲ್ಲಿನ ಕಾಡಂಚಿನಲ್ಲಿ ನಿಮಗೆ ಜಿಂಕೆ ಎದುರಾಗುವುದು ಬಹುಪಾಲು 100 ಯಾರ್ಡಿನ ಒಳಗೇ. ಆ ದೂರದಲ್ಲಿ ಈ ಮೂರರ ನಡುವೆ ಜಿಂಕೆಗೆ ತಿಳಿಯುವಂಥ ವ್ಯತ್ಯಾಸವೇನೂ ಇಲ್ಲ.

ಹಾಗಾದರೆ ನೋಡಬೇಕಾದದ್ದು ಏನನ್ನು? ನನ್ನ ಖಚಿತವಾದ ಅಭಿಪ್ರಾಯ, ಬ್ರೀಚ್ ಪ್ಲಗ್ಗನ್ನು. ನಳಿಗೆಯ ಹಿಂಬದಿಯನ್ನು ಮುಚ್ಚುವ ಈ ತಿರುಪು ಕೈಯಿಂದಲೇ ಬಿಚ್ಚಿ ಬರುವಂತಿರಬೇಕು. ವುಲ್ಫ್ ಮತ್ತು ಆಪ್ಟಿಮಾಗಳ ಪ್ಲಗ್ಗನ್ನು ಬೆರಳಿನಲ್ಲಿ ತಿರುಗಿಸಿ ತೆಗೆಯಬಹುದು. ಬಕ್‌ಸ್ಟಾಕರಿನದು ಮೂರೇ ಸುತ್ತಿಗೆ ಈಚೆಗೆ ಬರುತ್ತದೆ. ಪ್ಲಗ್ಗನ್ನು ತೆಗೆದರೆ ನಳಿಗೆ ಎರಡೂ ಕಡೆ ತೆರೆದ ಕೊಳವೆಯಾಗುತ್ತದೆ. ಆಗ ಹಿಂಬದಿಯಿಂದ ಬಟ್ಟೆ ತೂರಿಸಿ ಮುಂದಿನಿಂದ ಎಳೆದು ಸ್ವಚ್ಛಗೊಳಿಸಬಹುದು, ಹಾರದೆ ಉಳಿದ ಈಡನ್ನು ಹಿಂದಿನಿಂದ ತೆಗೆಯಬಹುದು. ಈ ಸೌಕರ್ಯವಿಲ್ಲದ ಕೋವಿ ಅರ್ಧ ಬೆಲೆಗೆ ಸಿಕ್ಕರೂ ಕೊಳ್ಳಬೇಡಿ. ಏಕೆಂದರೆ ಸ್ವಚ್ಛ ಮಾಡಲು ಬೇಸರವಾಗುವ ಮಜಲ್ ಲೋಡರ್ ಒಂದೆರಡು ಚಳಿಗಾಲದಲ್ಲೇ ಒಳಗಿನಿಂದ ತುಕ್ಕು ತಿಂದು ಹಾಳಾಗುತ್ತದೆ. ನಳಿಗೆ ಸ್ಟೇನ್‌ಲೆಸ್ ಆಗಿದ್ದರೆ ಅಥವಾ ಸೆರಾಕೋಟ್ ಎಂಬ ತುಕ್ಕು ತಡೆಯುವ ಲೇಪವಿದ್ದರೆ ಇನ್ನೂ ಒಳ್ಳೆಯದು, ಆದರೆ ಲೇಪವಿರುವುದು ಹೊರಮೈಗೆ ಮಾತ್ರ ಎಂಬುದು ನೆನಪಿರಲಿ.

ಮುಂದಿನದು ಹಣದ ಹಂಚಿಕೆ. 400 ಡಾಲರಿನಲ್ಲಿ ಆಪ್ಟಿಮಾ ಕೊಂಡರೆ ನಿಮ್ಮ ಕೈಯಲ್ಲಿ ಕೋವಿ ಇರುತ್ತದೆ, ಹಾರಿಸಲು ಮದ್ದಿಗೆ ಹಣವಿರುವುದಿಲ್ಲ. 300ರ ಒಳಗೆ ವುಲ್ಫ್ ಅಥವಾ ಬಕ್‌ಸ್ಟಾಕರ್ ಕೊಳ್ಳಿ. ಎರಡರಲ್ಲಿ ಅಂಗಡಿಯಲ್ಲಿ ಹೆಗಲಿಗೆ ಒತ್ತಿ ನೋಡಿದಾಗ ಯಾವುದು ಕೆನ್ನೆಗೆ ಸರಿಯಾಗಿ ಕೂರುತ್ತದೋ ಅದನ್ನು ತೆಗೆದುಕೊಳ್ಳಿ. ಉಳಿದ ಹಣದಲ್ಲಿ ಪ್ರೈಮರ್, ಮದ್ದು, ಗುಂಡು, ಮದ್ದಿನ ಅಳತೆಯ ಕೊಳವೆ, ಒರೆಸುವ ಬಟ್ಟೆಯ ಬಿಲ್ಲೆಗಳು, ಗುಂಡಿಗೆ ಮೊದಲ ಒತ್ತು ಕೊಡುವ ಸಣ್ಣ ಹಿಡಿ, ಬ್ರೀಚ್ ಪ್ಲಗ್ಗಿನ ಗ್ರೀಸ್ ಎಲ್ಲವೂ ಬರಬೇಕು. ಜನವರಿಗೆ ಮುಂಚೆ ಶೂಟಿಂಗ್ ರೇಂಜಿನಲ್ಲಿ ಅಭ್ಯಾಸ ಮಾಡಲು ಬೇಕಾಗುವಷ್ಟು ಮದ್ದುಗುಂಡೂ ಇದರಲ್ಲೇ ಸೇರಬೇಕು. ಅಗ್ಗದ ಕೋವಿಯನ್ನು ಚೆನ್ನಾಗಿ ಬಲ್ಲವನು ದುಬಾರಿ ಕೋವಿಯನ್ನು ಅರೆಬರೆ ಬಲ್ಲವನಿಗಿಂತ ಜಿಂಕೆಯನ್ನು ನೋವಿಲ್ಲದೆ ಬೀಳಿಸುತ್ತಾನೆ. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯನ್ನು ಹಿಮದಲ್ಲಿ ಹುಡುಕುವ ಪರಿಸ್ಥಿತಿ ಯಾವ ಬೇಟೆಗಾರನಿಗೂ ಬರಬಾರದು.

ಈಡಿನ ಪ್ರಮಾಣಕ್ಕೆ ಕೋವಿಯ ಜೊತೆ ಬರುವ ಕೈಪಿಡಿಯೇ ಪ್ರಮಾಣ. ಸಾಮಾನ್ಯವಾಗಿ 100 ಗ್ರೇನ್ (ಮದ್ದುಗುಂಡಿನ ಸಣ್ಣ ಅಳತೆ) ಮದ್ದು, ಸೇಬೊ ಎಂಬ ಪ್ಲಾಸ್ಟಿಕ್ ಕವಚ ತೊಟ್ಟ 250 ಗ್ರೇನಿನ ಆಸುಪಾಸಿನ ಗುಂಡು ಬಿಳಿಬಾಲದ ಜಿಂಕೆಗೆ ಬೇಕಾದಷ್ಟಾಯಿತು. ಡಬ್ಬಿಯ ಮೇಲೆ 150 ಗ್ರೇನ್‌ವರೆಗೆ ಹಾಕಬಹುದೆಂದು ಬರೆದಿದ್ದರೂ ಹೊಸಬರು ಆ ದಾರಿಗೆ ಹೋಗಬಾರದು. ಹೆಗಲಿಗೆ ಪೆಟ್ಟು ಹೆಚ್ಚುತ್ತದೆ, ಗುರಿ ಚದುರುತ್ತದೆ, ಸಣ್ಣ ನಳಿಗೆಯಲ್ಲಿ ಸ್ವಲ್ಪ ಮದ್ದು ಉರಿಯದೆಯೇ ಹೊರಬೀಳುತ್ತದೆ. 28 ಇಂಚಿಗೆ ಒಂದು ಸುತ್ತಿನ ನಳಿಗೆ ಉದ್ದನೆಯ ಗುಂಡುಗಳಿಗೆ ಮಾಡಿದ್ದು, ಬಟ್ಟೆಯಲ್ಲಿ ಸುತ್ತಿ ಹಾಕುವ ದುಂಡನೆಯ ಸೀಸದ ಗುಂಡಿಗೆ ಅದು ಹೊಂದುವುದಿಲ್ಲ.

ಕೊನೆಯದಾಗಿ, ತುಂಬುವ ಕ್ರಮದಲ್ಲಿ ಒಂದು ಸಂಗತಿ. ಕೋವಿ ಖಾಲಿ ಇರುವಾಗ ಜಡಿಯುವ ಕೋಲನ್ನು ತಳ ಮುಟ್ಟುವಂತೆ ಇಳಿಸಿ, ನಳಿಗೆಯ ಬಾಯಿಗೆ ಸಮನಾಗಿ ಕೋಲಿನ ಮೇಲೆ ಒಂದು ಗೆರೆ ಎಳೆಯಿರಿ. ನಿಮ್ಮ ಈಡನ್ನು ಸರಿಯಾಗಿ ತುಂಬಿ, ಗುಂಡು ಮದ್ದಿನ ಮೇಲೆ ಬಿಗಿಯಾಗಿ ಕೂತ ಮೇಲೆ ಇನ್ನೊಂದು ಗೆರೆ ಎಳೆಯಿರಿ. ಮೊದಲ ಗೆರೆ ಬಾಯಿಗೆ ಸಮ ಬಂದರೆ ಕೋವಿ ಖಾಲಿ. ಎರಡನೆಯದು ಸಮ ಬಂದರೆ ಸರಿಯಾಗಿ ತುಂಬಿದೆ. ಎರಡನೆಯ ಗೆರೆ ಬಾಯಿಗಿಂತ ಮೇಲೆ ನಿಂತರೆ ಗುಂಡು ನಡುದಾರಿಯಲ್ಲಿ ಸಿಕ್ಕಿದೆ, ಇಲ್ಲವೇ ಎರಡು ಈಡು ಬಿದ್ದಿದೆ. ಎರಡೂ ನಳಿಗೆಯನ್ನು ಸೀಳಬಲ್ಲವು, ಪ್ರೈಮರ್ ಹಾಕಲೇಬೇಡಿ. ಮುಂಜಾನೆಯ ಕತ್ತಲೆಯಲ್ಲಿ ಕೈಯ ಸ್ಪರ್ಶಕ್ಕೂ ತಿಳಿಯಲೆಂದು ಕೆಲವರು ಗೆರೆಯ ಜಾಗದಲ್ಲಿ ಟೇಪು ಸುತ್ತುತ್ತಾರೆ. ಅದೂ ಒಳ್ಳೆಯ ಕ್ರಮ.

ಮಧುಗಿರಿ ಏಕಶಿಲೆ:

ಊರಿಗೆ ತರುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮಧುಗಿರಿ ತಾಲ್ಲೂಕಿನಲ್ಲಿ ನಮಗೆ ಕಡಲೆಕಾಯಿ ಮತ್ತು ರಾಗಿಯ ಬೇಸಾಯವಿದೆ. ಬೆಳೆ ರಕ್ಷಣೆಯ ಪರವಾನಗಿಯೂ, ಕೇಪಿನ ಕೋವಿಯೂ ನನ್ನ ಹೆಸರಿನಲ್ಲಿವೆ.

ದಯವಿಟ್ಟು ಆ ಆಲೋಚನೆಯನ್ನು ಈಗಲೇ ಕೈಬಿಡಿ. ಪರವಾನಗಿಯಿಲ್ಲದೆ ಯಾವ ಬಗೆಯ ಕೋವಿಯನ್ನೂ ದೇಶದೊಳಗೆ ತರುವಂತಿಲ್ಲ. ಮಜಲ್ ಲೋಡರ್ ಅಲ್ಲಿ ಕಾನೂನಿನ ಕಣ್ಣಿಗೆ ಪುರಾತನ ವಸ್ತುವಿನ ಸಾಲಿಗೆ ಸೇರಬಹುದು, ಇಲ್ಲಿ ಅದು ಬಂದೂಕವೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೆ ಪರವಾನಗಿ ಕೊಡುವ ಮಾತನ್ನಾಡುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಮೈ ನಯವಾದ, ಸುರುಳಿ ಕೊರೆಯದ ನಳಿಗೆಯ ಬೇರೆ ಕೋವಿಗೂ ಅವಕಾಶವಿದೆ. ನೀವು ಕೊಳ್ಳಲಿರುವುದು ನಳಿಗೆಯೊಳಗೆ ಸುರುಳಿ ಕೊರೆದ ರೈಫಲ್. ಅದಕ್ಕೂ ನಮ್ಮ ಹೊಲದ ಕಾವಲಿಗೂ ಕಾನೂನಿನಲ್ಲಿ ಸಂಬಂಧವಿಲ್ಲ. ತಾತನವರ ಪರವಾನಗಿಯನ್ನು ತಮ್ಮದೆಂದು ಭಾವಿಸಲೂ ಬರುವುದಿಲ್ಲ, ಪರವಾನಗಿ ಆಯಾ ವ್ಯಕ್ತಿಗೆ ಕೊಟ್ಟದ್ದು. ತಾತನವರು ಈಗಿಲ್ಲವಾದರೆ, ಆ ಕೋವಿ ಪೊಲೀಸ್ ಠಾಣೆಗೋ ಅಧಿಕೃತ ಮಾರಾಟಗಾರರಿಗೋ ಒಪ್ಪಿತವಾಗಿದೆಯೇ, ಮನೆಯಲ್ಲೇ ಉಳಿದಿದೆಯೇ ಎಂಬುದನ್ನು ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಉಳಿದಿದ್ದರೆ ಅದು ಮನೆಯವರಿಗೆ ತೊಂದರೆ ತರುವ ಸಂಗತಿ.

ಇನ್ನೊಂದು ಮಾತು. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬೇಟೆ ನಿಷಿದ್ಧ. ಬೆಳೆಗೆ ಅಪಾಯ ತರುವ ಪ್ರಾಣಿಯ ವಿಷಯದಲ್ಲಿ 11ನೆಯ ಕಲಮಿನ ಕೆಳಗೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶ ಕೊಡಬಹುದಾದರೂ, ಆದೇಶ ಕೈಯಲ್ಲಿಲ್ಲದೆ ಹಂದಿಗೆ ಗುಂಡು ಹಾರಿಸಿದರೆ ಅದು ಅಪರಾಧವೇ. ನಮ್ಮ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲು ಪ್ರದೇಶದ ಸುತ್ತಲ ಹೊಲಗಳಿಗೆ ಕೃಷ್ಣಮೃಗಗಳೂ ಬರುತ್ತವೆ. ಅವು ಮೊದಲನೆಯ ಅನುಸೂಚಿಯ ಪ್ರಾಣಿಗಳು, ಅವುಗಳ ಕಡೆಗೆ ಕೋವಿಯ ಬಾಯಿ ತಿರುಗಿಸುವ ಮಾತೇ ಇಲ್ಲ. ನಿಮ್ಮ ತಾತನವರು ಬರೀ ಮದ್ದಿನಿಂದ ಸದ್ದು ಮಾಡಿ ಓಡಿಸುತ್ತಿದ್ದುದು ಸರಿಯಾದ ಬಳಕೆ. ನಾವೂ ಅದನ್ನೇ ಮಾಡುತ್ತೇವೆ. ಬೆಳೆ ಹಾಳಾದರೆ ಫೋಟೊ ಮತ್ತು ಪಹಣಿಯೊಡನೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುತ್ತೇವೆ.

ಅಲ್ಲಿಂದ ಬರುವಾಗ ನೆನಪಿಗೆಂದು ಉಳಿದ ಪ್ರೈಮರನ್ನೋ ಮದ್ದನ್ನೋ ಪೆಟ್ಟಿಗೆಯಲ್ಲಿ ಹಾಕಿಕೊಳ್ಳಬೇಡಿ. ವಿಮಾನದಲ್ಲಿ ಕೈಚೀಲಕ್ಕಾಗಲಿ, ಒಪ್ಪಿಸುವ ಪೆಟ್ಟಿಗೆಗಾಗಲಿ ಅವೆರಡಕ್ಕೂ ಅನುಮತಿಯಿಲ್ಲ.

ತಿಪಟೂರು ತೋಟ:

ಮೇಲಿನವರು ಕೋವಿಯ ಮೇಲೆ ಕೂರಿಸುವ ದುರ್ಬೀನಿನ (ಸ್ಕೋಪಿನ) ಬಗ್ಗೆ ಹೇಳಲಿಲ್ಲವಾದ್ದರಿಂದ ಇಷ್ಟು ಸೇರಿಸುತ್ತೇನೆ. ಒಹಾಯೊದಲ್ಲಿ ಮಜಲ್ ಲೋಡರಿಗೆ ಸ್ಕೋಪ್ ಹಾಕಲು ಅಡ್ಡಿಯಿಲ್ಲ. ಕೋವಿ ಮತ್ತು ಸ್ಕೋಪ್ ಒಟ್ಟಿಗೆ ಮಾರುವ ಅಗ್ಗದ ಜೋಡಿಗಳಲ್ಲಿ ಸ್ಕೋಪ್ ತೀರಾ ಸಾಧಾರಣವಾಗಿರುತ್ತದೆ. ಒದೆತಕ್ಕೆ ಅದರ ಹಿಡಿಗಳು ಸಡಿಲಗೊಂಡು ಗುರಿ ಅಲುಗುವುದನ್ನು ನೋಡಿದ್ದೇನೆ. 100 ಯಾರ್ಡಿನ ಒಳಗಿನ ಬೇಟೆಗೆ ಕೋವಿಯ ಜೊತೆ ಬರುವ ಫೈಬರ್ ಆಪ್ಟಿಕ್ ಗುರಿಕಡ್ಡಿಗಳೇ ಸಾಕೆಂಬುದು ನನ್ನ ಎಣಿಕೆ. ಕಣ್ಣಿನ ತೊಂದರೆಯಿದ್ದು ಸ್ಕೋಪ್ ಬೇಕೇಬೇಕೆಂದರೆ, ಕಣ್ಣಿನಿಂದ ಸಾಕಷ್ಟು ದೂರವಿಟ್ಟರೂ ಪೂರ್ಣ ಚಿತ್ರ ಕಾಣುವಂಥದ್ದನ್ನು ಬೇರೆಯಾಗಿ ಕೊಳ್ಳಿ. ಹುಬ್ಬಿಗೆ ತೀರ ಹತ್ತಿರ ಕೂತ ಸ್ಕೋಪ್ ಹುಬ್ಬನ್ನೇ ಸೀಳುತ್ತದೆ.

ಬಂಗಾರಪೇಟೆ ಜಂಕ್ಷನ್:

ಕೋಲಾರ ಜಿಲ್ಲೆಯವನಾದ ನಾನು ಈಗ ಕೊಲರಾಡೊದಲ್ಲಿದ್ದೇನೆ. ಚಿಂತಾಮಣಿಯವರು ಕೋವಿಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಶಿರಾದವರು ಎಚ್-1ಬಿ ವೀಸಾದಲ್ಲಿದ್ದಾರೆ, ಅದನ್ನು ಯಾರೂ ಗಮನಿಸಲಿಲ್ಲ. ಕೋವಿಯ ಆಯ್ಕೆ ಆರಂಭವಾಗಬೇಕಾದದ್ದು ಅಲ್ಲಿಂದ.

ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ವಲಸೆಯಲ್ಲದ ವೀಸಾದ (ಎಚ್-1ಬಿ ಅಂಥದ್ದೇ) ಮೇಲೆ ಬಂದವರು ಬಂದೂಕನ್ನು ಹೊಂದುವುದು ಸಾಮಾನ್ಯವಾಗಿ ನಿಷಿದ್ಧ. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ಕೊಟ್ಟ ಬೇಟೆಯ ಲೈಸೆನ್ಸ್ ಕೈಯಲ್ಲಿರುವುದು. ಇನ್ನೊಂದು ಕಡೆ, 1968ರ ಗನ್ ಕಂಟ್ರೋಲ್ ಕಾಯ್ದೆ ಕರಿಮದ್ದು ಅಥವಾ ಅದರ ಬದಲಿ ಮದ್ದಿಗಾಗಿಯೇ ಮಾಡಿದ, ತೋಟಾ ಹಾಕಲು ಬಾರದ ಮಜಲ್ ಲೋಡರನ್ನು ಪುರಾತನ ಬಂದೂಕದ ವ್ಯಾಖ್ಯೆಯೊಳಗೆ ಸೇರಿಸಿ, ಬಂದೂಕದ ವ್ಯಾಖ್ಯೆಯಿಂದಲೇ ಹೊರಗಿಡುತ್ತದೆ. ಹಲವು ರಾಜ್ಯಗಳಲ್ಲಿ ಇವುಗಳನ್ನು ನೇರವಾಗಿ ಮನೆಗೇ ತರಿಸಿಕೊಳ್ಳಲು ಆಗುವುದು ಇದರಿಂದಲೇ. ಆದರೆ ನಳಿಗೆಯನ್ನೋ ಬೋಲ್ಟನ್ನೋ ಬದಲಿಸಿದ ಮಾತ್ರಕ್ಕೆ ತೋಟಾ ಹಾರಿಸಬಲ್ಲ ಕೋವಿಗೆ ಈ ಮಾತು ಅನ್ವಯಿಸುವುದಿಲ್ಲ. ಥಾಂಪ್ಸನ್ ಸೆಂಟರ್ ಎನ್‌ಕೋರ್ ಅಂಥದ್ದು. ನಳಿಗೆ ಬದಲಿಸಿದರೆ ಅದೇ ಕೋವಿ ತೋಟಾ ರೈಫಲ್ ಆಗುತ್ತದೆ, ಆದ್ದರಿಂದ ಅದು ಕಾನೂನಿನಲ್ಲಿ ಪೂರ್ತಿ ಬಂದೂಕವೇ. ಹಳೆಯ ಎನ್‌ಕೋರ್ ಒಳ್ಳೆಯ ಬೆಲೆಗೆ ಸಿಕ್ಕಿತೆಂದು ನಿಮ್ಮಂಥವರು ಆತುರಪಡಬಾರದು. ವುಲ್ಫ್, ಬಕ್‌ಸ್ಟಾಕರಿನಂಥ ಮಜಲ್ ಲೋಡರ್ ಮಾತ್ರವೇ ಆಗಿರುವ ಕೋವಿಗೆ ಅಂಟಿಕೊಳ್ಳಿ. ಆಗಲೂ ಬೇಟೆಯ ಲೈಸೆನ್ಸ್ ಮೊದಲು, ಕೋವಿ ಆಮೇಲೆ ಎಂಬ ಕ್ರಮವನ್ನು ಬಿಡಬೇಡಿ. ರಾಜ್ಯಗಳ ಕಾನೂನು ಬೇರೆ ಬೇರೆ ಇರುವುದರಿಂದ ನಿಮ್ಮ ವಲಸೆ ವಕೀಲರನ್ನು ಒಮ್ಮೆ ಕೇಳಿಕೊಳ್ಳುವುದು ಲೇಸು. ನೂರು ಡಾಲರ್ ಉಳಿಸಲು ಹೋಗಿ ವೀಸಾವನ್ನು ಪಣಕ್ಕಿಡುವ ಕೆಲಸ ಯಾರಿಗೂ ಬೇಡ.

ಒಹಾಯೊ ಬಿಟ್ಟು ಬೇರೆ ರಾಜ್ಯಕ್ಕೆ ಕೆಲಸ ಬದಲಾದರೆ ಇದೇ ಕೋವಿ ನಡೆಯುತ್ತದೆಂದು ತಿಳಿಯಬೇಡಿ. ನಮ್ಮ ಕೊಲರಾಡೊದಲ್ಲಿ ಮಜಲ್ ಲೋಡರ್ ಅವಧಿಯಲ್ಲಿ ಸ್ಕೋಪ್ ಇಲ್ಲ, ಸೇಬೊ ಇಲ್ಲ, ಬಿಲ್ಲೆ ಕಟ್ಟಿದ ಮದ್ದೂ ಇಲ್ಲ. ಪುಡಿ ಮದ್ದು ಮಾತ್ರ. ಪೆನ್ಸಿಲ್ವೇನಿಯಾದಲ್ಲಿ ಅಕ್ಟೋಬರಿನ ಅವಧಿಗೆ ಇನ್‌ಲೈನ್ ನಡೆಯುತ್ತದೆ, ಕ್ರಿಸ್ಮಸ್ ಕಳೆದ ಮೇಲಿನ ಅವಧಿಗೆ ಚಕಮಕಿ ಕಲ್ಲಿನ ಕೋವಿಯೇ ಆಗಬೇಕು. ಈ ಕಾರಣದಿಂದಲೇ ಆರಂಭದಿಂದಲೂ ಪುಡಿ ಮದ್ದಿನಲ್ಲಿ ಅಭ್ಯಾಸ ಮಾಡಿಕೊಳ್ಳಿ ಎಂದು ನಾನು ಹೇಳುತ್ತೇನೆ. 50 ಗ್ರೇನಿನ ಬಿಲ್ಲೆಗಳು ಅನುಕೂಲ ನಿಜ, ಎರಡು ಹಾಕಿದರೆ ಮುಗಿಯಿತು. ಆದರೆ 80 ಗ್ರೇನೋ 90 ಗ್ರೇನೋ ನಿಮ್ಮ ಕೋವಿಗೆ ಹೆಚ್ಚು ಹೊಂದುವುದಾದರೆ ಅದನ್ನು ಕಂಡುಕೊಳ್ಳುವ ಅವಕಾಶವೇ ಬಿಲ್ಲೆಯಲ್ಲಿ ಸಿಗುವುದಿಲ್ಲ.

ಹಳೆಯ ಕೋವಿಯ ಬಗ್ಗೆ ಕೇಳಿದ್ದಿರಿ. ಕೊಳ್ಳಬಹುದು, ಆದರೆ ಬ್ರೀಚ್ ಪ್ಲಗ್ ಬಿಚ್ಚಿ ತೋರಿಸದ ಮಾರಾಟಗಾರನಿಂದ ಬೇಡ. ಪ್ಲಗ್ ತೆಗೆದು ನಳಿಗೆಯ ಮೂಲಕ ಬೆಳಕಿನ ಕಡೆ ನೋಡಿ. ಸುರುಳಿ ಗೆರೆಗಳು ಬಾಯಿಯಿಂದ ಬುಡದವರೆಗೂ ಹರಿತವಾಗಿ ಹೊಳೆಯಬೇಕು. ತುಕ್ಕಿನ ಗುಳಿಗಳು ಮೊದಲು ಬೀಳುವುದು ಮದ್ದು ಉರಿಯುವ ಬುಡದ ಕೆಲವೇ ಇಂಚುಗಳಲ್ಲಿ, ಆದ್ದರಿಂದ ಬಾಯಿಯ ಕಡೆ ಮಾತ್ರ ಇಣುಕಿ ಒಪ್ಪಿಕೊಳ್ಳಬೇಡಿ. ಬಟ್ಟೆಯ ಬಿಲ್ಲೆಯೊಂದನ್ನು ಕೋಲಿಗೆ ಸಿಕ್ಕಿಸಿ ನಿಧಾನವಾಗಿ ತಳ್ಳಿದಾಗ ಒಂದೆಡೆ ಇದ್ದಕ್ಕಿದ್ದಂತೆ ಸಡಿಲವಾದರೆ ಅಲ್ಲಿ ನಳಿಗೆ ಉಬ್ಬಿದೆ ಎಂದರ್ಥ. ಇನ್ನೊಂದು, 1997ರಲ್ಲಿ ಸಿವಿಎ ಕಂಪನಿಯು 1995 ಮತ್ತು 1996ರಲ್ಲಿ ತಯಾರಾದ ತನ್ನ ಇನ್‌ಲೈನ್ ಕೋವಿಗಳನ್ನು ಸುರಕ್ಷತೆಯ ಕಾರಣಕ್ಕೆ ಹಿಂದಕ್ಕೆ ಕರೆಸಿಕೊಂಡಿತ್ತು. ಅವುಗಳ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿಗಳು 95 ಅಥವಾ 96. ಹಳೆಯ ಪೆಟ್ಟಿಗೆಗಳಲ್ಲಿ ಉಳಿದ ಅಂಥ ಕೋವಿ ಪುಕ್ಕಟೆ ಸಿಕ್ಕರೂ ಹಾರಿಸಬಾರದು. ಇಂದಿನ ಸಿವಿಎ ಕೋವಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಶಿರಾ ಸೀಮೆ:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮಧುಗಿರಿಯವರ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. ತಾತನವರ ಕೋವಿಯನ್ನು ಅವರು ತೀರಿಕೊಂಡ ಮೇಲೆ ಠಾಣೆಗೆ ಒಪ್ಪಿಸಿ ರಸೀದಿ ಪಡೆದಿರುವುದಾಗಿ ಚಿಕ್ಕಪ್ಪನವರು ತಿಳಿಸಿದರು. ಅಮೆರಿಕದಿಂದ ತರುವ ಆಲೋಚನೆಯನ್ನು ಬಿಟ್ಟಾಯಿತು.

ಲೈಸೆನ್ಸ್ ಪಡೆದ ಮೇಲೆ ವುಲ್ಫ್ ಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಮದ್ದಿನ ಆಯ್ಕೆಯಲ್ಲಿ ಮಾತ್ರ ಗೊಂದಲ ಉಳಿದಿದೆ. ಟ್ರಿಪಲ್ ಸೆವೆನ್ ಮತ್ತು ಬ್ಲ್ಯಾಕ್‌ಹಾರ್ನ್ 209 ಎಂಬ ಎರಡನ್ನೂ ಎಲ್ಲರೂ ಹೊಗಳುತ್ತಾರೆ. ಜನವರಿಯಲ್ಲಿ ಅಲ್ಲಿ ಕೊರೆಯುವ ಚಳಿ. ದಿನವೆಲ್ಲ ಕಾದು ಜಿಂಕೆ ಬರದಿದ್ದರೆ ತುಂಬಿದ ಈಡನ್ನು ಏನು ಮಾಡಬೇಕು, ಸ್ವಚ್ಛತೆಯ ಕ್ರಮ ಹೇಗೆ ಎಂಬುದನ್ನು ಚಿಂತಾಮಣಿಯವರು ತಿಳಿಸಬೇಕು.

ಚಿಂತಾಮಣಿ ಕೈವಾರ:

ವೀಸಾದ ವಿಷಯವನ್ನು ಬಂಗಾರಪೇಟೆಯವರು ಸಕಾಲಕ್ಕೆ ಎತ್ತಿದರು. ಒಹಾಯೊದ ಕಡೆಯಿಂದಲೂ ಎರಡು ಮಾತು ಸೇರಿಸಬೇಕು: ಬೇಟೆಯ ಲೈಸೆನ್ಸಿನ ಜೊತೆಗೆ ಜಿಂಕೆಯ ಪರ್ಮಿಟ್ ಬೇರೆಯಾಗಿ ಬೇಕು, ಮತ್ತು ಸ್ನೇಹಿತರೇ ಕರೆದಿದ್ದರೂ ಜಮೀನಿನ ಮಾಲೀಕರ ಅನುಮತಿ ಲಿಖಿತವಾಗಿ ಜೇಬಿನಲ್ಲಿರಬೇಕು. ಕಿತ್ತಳೆ ಬಣ್ಣದ ಅಂಗಿಯೂ ಕಡ್ಡಾಯ.

ಮದ್ದಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಬಜೆಟ್ಟಿಗೆ ನನ್ನ ಸಲಹೆ ಟ್ರಿಪಲ್ ಸೆವೆನ್ ಪುಡಿ. ಅದರಲ್ಲಿ ಗಂಧಕವಿಲ್ಲ, ಕೊಳಕು ಬರೀ ನೀರಿನಲ್ಲೇ ಕರಗುತ್ತದೆ, ಡಬ್ಬಿ ಒಂದು ಪೌಂಡಿನದು. ಅದರ ದೋಷವೆಂದರೆ, ಜೋರಾದ ಜ್ವಾಲೆಯ ಪ್ರೈಮರ್ ಬಳಸಿದಾಗ ಗುಂಡು ಕೂರುವ ಜಾಗದ ಸುತ್ತ ಗಟ್ಟಿಯಾದ ಕಿಟ್ಟದ ಬಳೆ ಕಟ್ಟುತ್ತದೆ. ಒರೆಸದೆ ಮುಂದಿನ ಗುಂಡನ್ನು ತಳ್ಳಿದರೆ ಅದು ಆ ಬಳೆಯ ಮೇಲೆ ನಿಂತುಬಿಡುತ್ತದೆ, ಮದ್ದಿನ ಮೇಲೆ ಕೂರುವುದಿಲ್ಲ. ಪ್ರತಿ ಈಡಿನ ನಡುವೆ ಒದ್ದೆ ಬಟ್ಟೆಯ ಬಿಲ್ಲೆಯಿಂದ ಒಮ್ಮೆ, ಒಣ ಬಿಲ್ಲೆಯಿಂದ ಒಮ್ಮೆ ಒರೆಸಿದರೆ ಈ ತೊಂದರೆಯಿಲ್ಲ. ಕೋಲಿನ ಮೇಲಿನ ಗೆರೆ ಇಲ್ಲಿಯೂ ನಿಮ್ಮ ಕಾವಲಿಗೆ ಬರುತ್ತದೆ. ಇದಕ್ಕೆಂದೇ ಮಂದ ಜ್ವಾಲೆಯ 209 ಪ್ರೈಮರುಗಳೂ ಸಿಗುತ್ತವೆ, ಸಿಕ್ಕರೆ ಅವನ್ನೇ ಕೊಳ್ಳಿ. ಅದೇ ಅಳತೆಯ ಕರಿಮದ್ದಿಗಿಂತ ಟ್ರಿಪಲ್ ಸೆವೆನ್ ಸುಮಾರು 15 ಶೇಕಡ ಹೆಚ್ಚು ಬಲದ್ದು ಎಂಬುದನ್ನು ಮರೆಯಬೇಡಿ.

ಬ್ಲ್ಯಾಕ್‌ಹಾರ್ನ್ ಶ್ರೇಷ್ಠವಾದ ಮದ್ದು. ನಡುವೆ ಒರೆಸದೆಯೇ ಹಲವು ಈಡು ಹಾರಿಸಬಹುದು, ತುಕ್ಕಿನ ಭಯವೂ ಕಡಿಮೆ. ಆದರೆ ಡಬ್ಬಿಯಲ್ಲಿರುವುದು 10 ಔನ್ಸ್, ಬೆಲೆ ಬಹಳ ಹೆಚ್ಚು. ಅದಕ್ಕೆ ಜೋರಾದ ಜ್ವಾಲೆಯ ಪ್ರೈಮರ್ ಬೇಕು. ವುಲ್ಫಿಗೆ ಅದಕ್ಕೆಂದೇ ಮಾಡಿದ ಬ್ರೀಚ್ ಪ್ಲಗ್ಗನ್ನು ಬೇರೆಯಾಗಿ ಕೊಳ್ಳಬೇಕು. ನೀರಿನಲ್ಲಿ ಅದು ಸ್ವಚ್ಛವಾಗುವುದಿಲ್ಲ, ಸಾಮಾನ್ಯ ಬಂದೂಕಿನ ದ್ರಾವಣವೇ ಬೇಕು. ಈ ಮದ್ದುಗಳನ್ನೆಲ್ಲ ಕೊಳವೆಯಲ್ಲಿ ಗಾತ್ರದಿಂದ ಅಳೆಯಬೇಕೇ ಹೊರತು ತಕ್ಕಡಿಯ ತೂಕದಿಂದಲ್ಲ. 100 ಗ್ರೇನ್ ಗಾತ್ರದ ಬ್ಲ್ಯಾಕ್‌ಹಾರ್ನ್ ತಕ್ಕಡಿಯಲ್ಲಿ ಸುಮಾರು 70 ಗ್ರೇನ್ ಮಾತ್ರ ತೂಗುತ್ತದೆ, ಆದ್ದರಿಂದ ತಕ್ಕಡಿಯಲ್ಲಿ 100 ತೂಗಿ ಹಾಕಿದವನು ಅಪಾಯದ ಮಟ್ಟಕ್ಕೆ ಹೋಗಿರುತ್ತಾನೆ. ಇನ್ನು, ತೋಟಾಗಳಲ್ಲಿ ಬಳಸುವ ಹೊಗೆರಹಿತ ಮದ್ದನ್ನು ಈ ಕೋವಿಗಳಿಗೆ ಚಿಟಿಕೆಯಷ್ಟೂ ಹಾಕಬಾರದು. ನಳಿಗೆ ಸಿಡಿದು ಕೈ, ಕಣ್ಣು ಹೋದ ಉದಾಹರಣೆಗಳಿವೆ.

ಚಳಿಯ ವಿಷಯದಲ್ಲಿ, ಕೋವಿಯನ್ನು ಮನೆಯ ಬೆಚ್ಚಗಿನ ಕೋಣೆಗೂ ಹೊರಗಿನ ಹಿಮಕ್ಕೂ ಓಡಾಡಿಸಬೇಡಿ. ತಣ್ಣಗಿನ ನಳಿಗೆ ಬೆಚ್ಚಗಿನ ಗಾಳಿಗೆ ಬಂದೊಡನೆ, ಫ್ರಿಜ್ಜಿನಿಂದ ತೆಗೆದ ಚೊಂಬಿನಂತೆ ಒಳಗೂ ಹೊರಗೂ ಬೆವರುತ್ತದೆ, ಮದ್ದು ತೇವ ಹೀರುತ್ತದೆ. ಮರುದಿನವೂ ಬೇಟೆಯಿದ್ದರೆ ಪ್ರೈಮರನ್ನು ತೆಗೆದು, ಕೋವಿಯನ್ನು ಬೀಗ ಹಾಕಿದ, ಬಿಸಿ ಇಲ್ಲದ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡುವವರಿದ್ದಾರೆ. ತುಂಬಿದೆ ಎಂಬ ಚೀಟಿ ಅದಕ್ಕೆ ಕಟ್ಟಿರಲೇಬೇಕು. ಮೊದಲ ವರ್ಷದ ನಿಮಗೆ ನಾನು ಹೇಳುವುದು, ಪ್ರತಿ ಸಂಜೆ ಖಾಲಿ ಮಾಡಿ. ಪ್ರೈಮರ್ ತೆಗೆಯಿರಿ, ಬ್ರೀಚ್ ಪ್ಲಗ್ ಬಿಚ್ಚಿ, ಪುಡಿಯನ್ನು ಹಿಂಬದಿಯಿಂದ ಸುರಿದುಬಿಡಿ, ಗುಂಡನ್ನು ಬಾಯಿಯ ಕಡೆಯಿಂದ ಕೋಲಿನಲ್ಲಿ ತಳ್ಳಿ ಹಿಂದಕ್ಕೆ ಬೀಳಿಸಿ. ನಳಿಗೆಯ ಬಾಯಿಗೆ ಹಗಲಿನಲ್ಲಿ ತೆಳುವಾದ ಟೇಪಿನ ಚೂರು ಅಂಟಿಸಿದ್ದರೆ ಮಂಜು ಒಳಗಿಳಿಯುವುದಿಲ್ಲ. ಗುಂಡು ಹೊರಡುವ ಮುಂಚೆಯೇ ನಳಿಗೆಯ ಗಾಳಿ ಆ ಟೇಪನ್ನು ಹಾರಿಸಿಬಿಡುವುದರಿಂದ ತೆಗೆಯುವ ಅಗತ್ಯವೂ ಇಲ್ಲ.

ಟ್ರಿಗರ್ ಎಳೆದು ಈಡು ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಅಲುಗದೆ ನಿಲ್ಲಿ, ತಡವಾಗಿ ಹಾರುವ ಸಾಧ್ಯತೆ ಇರುತ್ತದೆ. ಜಿಂಕೆ ಓಡಿಹೋದರೆ ಹೋಗಲಿ.

ಸ್ವಚ್ಛತೆ ಅದೇ ದಿನ ಆಗಬೇಕು, ಮರುದಿನವಲ್ಲ. ಉರಿದ ಮದ್ದಿನ ಮಸಿ ಗಾಳಿಯ ತೇವವನ್ನು ಎಳೆದುಕೊಂಡು ರಾತ್ರಿಯೊಳಗೇ ಉಕ್ಕನ್ನು ತಿನ್ನಲು ತೊಡಗುತ್ತದೆ. ಪ್ಲಗ್ಗನ್ನು ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಹಾಕಿ, ಅದರ ಜ್ವಾಲೆಯ ರಂಧ್ರಕ್ಕೆ ತೆಳುವಾದ ಕಡ್ಡಿ ಹಾಕಿ ಕಿಟ್ಟ ತೆಗೆಯಿರಿ. ನಳಿಗೆಯಲ್ಲಿ ಒದ್ದೆ ಬಿಲ್ಲೆಗಳನ್ನು ಬಿಳಿಯಾಗಿ ಬರುವತನಕ ಎಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ. ಮುಂದಿನ ಸಲ ತುಂಬುವ ಮುಂಚೆ ಆ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ತೆಗೆಯಿರಿ, ಇಲ್ಲವಾದರೆ ಅದೇ ಮದ್ದನ್ನು ಕೆಡಿಸುತ್ತದೆ. ಪ್ಲಗ್ಗಿನ ತಿರುಪಿನ ಗೆರೆಗಳಿಗೆ ಪ್ರತಿ ಸಲವೂ ಹೊಸ ಗ್ರೀಸ್ ಹಚ್ಚಿ, ಬೆರಳಿನ ಬಿಗಿಗಷ್ಟೇ ತಿರುಗಿಸಿ ನಿಲ್ಲಿಸಿ. ಇಕ್ಕಳ ಹಿಡಿದು ಬಿಗಿದ ಪ್ಲಗ್ ಮುಂದೆ ಬಿಚ್ಚಲು ಬರುವುದಿಲ್ಲ.